ಖಾಲಿ ಎಂದು ತೋರಿಸಿದ ಕೋಣೆ

ಹೊಸಪೇಟೆಯ ಆ ಹೋಟೆಲಿನಲ್ಲಿ ನಾನು ರಿಸೆಪ್ಷನ್ ಕೆಲಸಕ್ಕೆ ಸೇರಿದಾಗ ನನ್ನ ಬೆನ್ನ ಹಿಂದೆ ಬೀಗದ ಕೈಗಳ ಹಲಗೆ ಇತ್ತು. ಕೀ ಮೊಳೆಗೆ ನೇತಾಡುತ್ತಿದ್ದರೆ ಗಿರಾಕಿ ಹೊರಗೆ, ಇಲ್ಲದಿದ್ದರೆ ಒಳಗೆ. ಕಂಪ್ಯೂಟರ್ ಇದ್ದದ್ದು ಬಿಲ್ ಹಾಕಲಿಕ್ಕೆ ಮಾತ್ರ. ಅದು ಕೆಟ್ಟರೆ ಬಳ್ಳಾರಿಯಿಂದ ಒಬ್ಬರು ಬಂದು, ಚಹಾ ಕುಡಿದು, ಸರಿಮಾಡಿ ಹೋಗುತ್ತಿದ್ದರು.

ಆಮೇಲೆ ಹಂಪಿ ನೋಡಲು ಬರುವವರು ಮನೆಯಲ್ಲೇ ಕೂತು ಕೋಣೆ ಬುಕ್ ಮಾಡತೊಡಗಿದರು. ಮಾಲೀಕರು ಹೊಸ ಸಾಫ್ಟ್‌ವೇರ್ ಹಾಕಿಸಿದರು. ಅದು ಅಪ್‌ಡೇಟ್ ಆದಾಗಲೆಲ್ಲ ನಮ್ಮ ಕೈಯಿಂದ ಒಂದೊಂದು ಕೆಲಸ ಜಾರಿಹೋಗುತ್ತಿತ್ತು. ಕೊನೆಗೆ ಬೀಗದ ಕೈಗಳೂ ಹೋದವು. ಬಾಗಿಲಿಗೆ ನಂಬರ್ ಒತ್ತುವ ಲಾಕ್ ಬಂತು. ಆ ನಂಬರ್ ಗಿರಾಕಿಯ ಫೋನಿಗೇ ಹೋಗುತ್ತಿತ್ತು. ಹೊರಡುವ ಹೊತ್ತಾದರೆ ಚೆಕ್‌ಔಟ್ ತಾನಾಗಿಯೇ ಆಗುತ್ತಿತ್ತು. ಯಾವ ಕೋಣೆ ಯಾವಾಗ ಗುಡಿಸಬೇಕೆಂಬುದನ್ನೂ ಸಾಫ್ಟ್‌ವೇರೇ ಹೇಳುತ್ತಿತ್ತು. ನನಗೂ ಅದು ಆರಾಮವೇ ಅನಿಸಿತ್ತು.

ಆ ಚಳಿಗಾಲದಲ್ಲಿ ಮೈಸೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಒಂಟಿಯಾಗಿ ಬಂದರು. ಕೋಣೆಯನ್ನು ಮಗಳು ಬುಕ್ ಮಾಡಿಕೊಟ್ಟಿದ್ದಳು. ಬೆಳಿಗ್ಗೆ ಆಟೊ ಹಿಡಿದು ಹಂಪಿಗೆ ಹೋಗುವರು, ಸಂಜೆ ಕಾಲೆಳೆಯುತ್ತ ಬಂದು ಕೌಂಟರಿನ ಎದುರು ಕೂತು ಅಂದು ಕಂಡದ್ದನ್ನೆಲ್ಲ ನನಗೆ ಹೇಳುವರು. “ಇಲ್ಲೇ ಹುಟ್ಟಿ ಬೆಳೆದು ಇನ್ನೂ ಮತಂಗ ಬೆಟ್ಟ ಹತ್ತಿಲ್ವೇನಮ್ಮ?” ಎಂದು ಒಮ್ಮೆ ಗದರಿಸಿದ್ದರು.

ಅವರು ಹೊರಡಬೇಕಾಗಿದ್ದ ದಿನ ನನಗೆ ರಜೆ. ಮರುದಿನ ಬೆಳಿಗ್ಗೆ ಬಂದಾಗ ಮ್ಯಾನೇಜರನ ಮುಖ ಕಪ್ಪಿಟ್ಟಿತ್ತು. ಅಪ್ಪ ಫೋನ್ ಎತ್ತುತ್ತಿಲ್ಲವೆಂದು ಹಿಂದಿನ ದಿನ ಮಧ್ಯಾಹ್ನ ಮಗಳು ಹೋಟೆಲಿಗೆ ಕರೆ ಮಾಡಿದ್ದಳಂತೆ. ಇವನು ಸ್ಕ್ರೀನ್ ನೋಡಿ, ಚೆಕ್‌ಔಟ್ ಮಾಡಿ ಹೋಗಿದ್ದಾರೆ ಎಂದಿದ್ದ. ಅವಳು ಗಾಬರಿಯಾಗಿ ಗಂಡನೊಡನೆ ಕಾರಿನಲ್ಲಿ ಬಂದು, ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಎಲ್ಲ ಜಾಲಾಡಿ, ಈಗ ಹಂಪಿಯ ಹೊಳೆದಂಡೆಯಲ್ಲಿ ಹುಡುಕುತ್ತಿದ್ದಳು.

“ರೂಮ್ ತಗದು ನೋಡಿದ್ರೇನು?” ಎಂದೆ.

“ಖಾಲಿ ಅಂತ ತೋರಿಸ್ತೈತಲ್ರೀ ಅಕ್ಕಾರ.”

ಅಷ್ಟರಲ್ಲಿ ಮೇಲಿನಿಂದ ಕೂಗು ಕೇಳಿತು. ಆ ಕೋಣೆಗೆ ಬೇರೆ ಬುಕಿಂಗ್ ಇರಲಿಲ್ಲವಾದ್ದರಿಂದ ಸಾಫ್ಟ್‌ವೇರ್ ಅದನ್ನು ಗುಡಿಸುವ ಕೆಲಸವನ್ನು ಇಂದಿಗೆ ತಳ್ಳಿತ್ತು. ಕಡ್ಡಿರಾಂಪುರದಿಂದ ಬರುವ ಕಸಗುಡಿಸುವಾಕೆ ಆಗಷ್ಟೇ ಬಾಗಿಲು ತೆರೆದಿದ್ದಳು.

“ಜಲ್ದಿ ಬರ್ರೀ! ಅಜ್ಜಾರು ಬಿದ್ದಾರ!”

ಮಂಚಕ್ಕೂ ಬಚ್ಚಲಿಗೂ ನಡುವೆ ನೆಲದ ಮೇಲಿದ್ದರು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಕಣ್ಣು ತೆರೆದೇ ಇದ್ದವು. ನನ್ನ ಗುರುತು ಹಿಡಿದರೆಂದೇ ನನಗೆ ಅನಿಸಿತು. ಅವರ ಫೋನು ಚಾರ್ಜ್ ಮುಗಿದು ಮಂಚದ ಮೇಲೆ ಬಿದ್ದಿತ್ತು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುಟಿಗೆ ನೀರು ಸವರಿದೆ. ಆಂಬ್ಯುಲೆನ್ಸ್ ಬರುವವರೆಗೂ ಅವರು ನನ್ನ ಸೆರಗಿನ ತುದಿಯನ್ನು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಸಂಜೆಯವರೆಗೂ ಜೀವ ಉಳಿಯಲಿಲ್ಲ. ನಿನ್ನೆಯೇ ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು.

ಅಪ್ಪನ ಬ್ಯಾಗ್ ಒಯ್ಯಲು ಮಗಳು ಹೋಟೆಲಿಗೆ ಬಂದಳು. ಕೂಗಾಡಲಿಲ್ಲ.

“ನಾವು ಊರೆಲ್ಲಾ ಹುಡುಕ್ತಿದ್ವಿ,” ಎಂದಳು. “ಒಂದ್ಸಲ ಬಾಗಿಲು ತಟ್ಟೋಕೆ ಆಗ್ಲಿಲ್ವಾ ನಿಮಗೆ?”

ಅವಳ ಫೋನು ಸದ್ದು ಮಾಡಿತು. ನೋಡಿ, ಅದನ್ನು ನಮ್ಮ ಕಡೆ ತಿರುಗಿಸಿದಳು. ನಮ್ಮ ಹೋಟೆಲಿನ ಹೆಸರಿನಲ್ಲಿ ಬಂದ ಮೆಸೇಜು: ನಮ್ಮಲ್ಲಿನ ವಾಸ ಹೇಗಿತ್ತು, ಎಷ್ಟು ಸ್ಟಾರ್ ಕೊಡುತ್ತೀರಿ? ಮ್ಯಾನೇಜರ್ ಕೌಂಟರಿನ ಹಿಂದೆ ಕುಸಿದು ಕೂತು ಅತ್ತ. ಆ ವಾರವೇ ಕೆಲಸ ಬಿಟ್ಟ.

ಮಾಲೀಕರು ಸಾಫ್ಟ್‌ವೇರಿನವರಿಗೆ ಫೋನ್ ಮಾಡಿ ರೇಗಾಡಿದರು. ಮುಂದಿನ ಅಪ್‌ಡೇಟಿನಲ್ಲಿ ಹೊಸ ಬಟನ್ ಬಂತು: ‘ಕೋಣೆ ಪರಿಶೀಲಿಸಲಾಗಿದೆ’. ಅದನ್ನು ಒತ್ತದೆ ಚೆಕ್‌ಔಟ್ ಆಗುವುದಿಲ್ಲ. ಕೆಲವು ದಿನ ಎಲ್ಲರೂ ಮೇಲೆ ಹತ್ತಿ ಹೋಗಿ, ನೋಡಿ ಬಂದು ಒತ್ತುತ್ತಿದ್ದರು. ಈಗ ಹೊಸದಾಗಿ ಸೇರಿದವರು ಕುರ್ಚಿಯಲ್ಲಿ ಕೂತೇ ಒತ್ತುತ್ತಾರೆ.

“ಹತ್ತಿ ನೋಡ್ರಿ, ಹಂಗ ಒತ್ತಬ್ಯಾಡ್ರಿ,” ಎನ್ನುತ್ತೇನೆ.

“ಏನೂ ಆಗಂಗಿಲ್ಲ ಬಿಡ್ರಿ ಅಕ್ಕಾರ,” ಎನ್ನುತ್ತಾರೆ.