ಕ್ಯಾಸೆಟ್ಟಿನ ಸೂತಕ

ಗೆಳೆಯರೇ, ಉದ್ಯಾವರದ ನಮ್ಮ ಮನೆಯಲ್ಲಿ ಇವತ್ತು ಯಾರೂ ಸತ್ತಿಲ್ಲ. ಆದರೂ ಪಕ್ಕದ ಮನೆಯ ಗಿರಿಜಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಅಂಗಳಕ್ಕೆ ಬಂದು ನಿಂತರು.

“ಮಾಸ್ಟ್ರೇ, ನಿಮ್ಮ ಅಮ್ಮ ಹೋದದ್ದು ಎಷ್ಟು ಹೊತ್ತಿಗೆ? ನಿನ್ನೆ ಕೂಡ ಮೀನಿನವಳ ಹತ್ರ ಜಗಳ ಮಾಡ್ತಾ ಇದ್ರಲ್ಲ?”

ಪಪ್ಪನ ಮುಖ ಕೆಂಪಾಯಿತು. ಅಣ್ಣ ಕುವೈಟಿನಿಂದ ತಂದ ಕ್ಯಾಸೆಟ್ಟನ್ನು ಅವರು ಊರಿಗೆಲ್ಲ ಕೇಳಲಿ ಎಂದೇ ಜಗಲಿಯಲ್ಲಿ ಹಾಕಿದ್ದರು. ಒಂದು ಬದಿ ಜರ್ಮನ್, ಇನ್ನೊಂದು ಬದಿ ಫ್ರೆಂಚ್. ಪಿಯಾನೋದ ಜೊತೆ ಒಬ್ಬನೇ ಗಂಡಸು ನಿಧಾನವಾಗಿ ಹಾಡುತ್ತಾನೆ. ಗಿರಿಜಕ್ಕ ಅದನ್ನು ನಮ್ಮ ಇಗರ್ಜಿಯಲ್ಲಿ ಪಾದ್ರಿಗಳು ಹಾಡುವ ಸಾವಿನ ಹಾಡು ಎಂದುಕೊಂಡಿದ್ದರು.

“ಅದು ಪ್ರೇಮಗೀತೆ ಗಿರಿಜಕ್ಕ,” ಎಂದರು ಪಪ್ಪ.

ಅಜ್ಜಿ ಮೀನು ಕೊಯ್ಯುತ್ತಿದ್ದ ಕೈಯಲ್ಲೇ ಹೊರಗೆ ಬಂದರು. “ನಾನಿನ್ನೂ ಇದ್ದೇನೆ ಮಾರಾಯ್ತಿ.”

ಗಿರಿಜಕ್ಕನಿಗೆ ಈಗ ಬೇರೆಯೇ ಚಿಂತೆ. ಸಾವಿನ ಮನೆಗೆ ಹೋದವರು ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡುವಂತಿಲ್ಲ. ಯಾರೂ ಸಾಯದಿದ್ದರೆ ಎಂತ ಮಾಡಬೇಕೆಂದು ಯಾರೂ ಹೇಳಿಟ್ಟಿಲ್ಲ. ಅವರು ಸ್ವಲ್ಪ ಹೊತ್ತು ಆ ಹಾಡನ್ನೇ ಕೇಳಿದರು.

“ಸ್ನಾನ ಮಾಡುವುದೇ ಒಳ್ಳೆಯದು,” ಎಂದು ತೀರ್ಮಾನಿಸಿ ಜಗಲಿಯಲ್ಲಿ ಕುಳಿತರು. “ಫ್ರೆಂಚಿನವನದ್ದೂ ಹಾಕಿ ಮಾಸ್ಟ್ರೇ. ಎರಡಕ್ಕೂ ಒಂದೇ ಸ್ನಾನದಲ್ಲಿ ಆಗ್ತದೆ.”