ದೊಡ್ಡಉಳ್ಳಾರ್ತಿಗೆ ಅಣ್ಣ ಹೊತ್ತ ಸುದ್ದಿ

ನಾನು ಚಿಕ್ಕವಳಿದ್ದಾಗ, ಎಂಟು ವರ್ಷವಿರಬೇಕು, ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಮಗ್ಗ ನಿಂತುಹೋಗಿತ್ತು. ರೇಷ್ಮೆಯೆಲ್ಲ ಪ್ಯಾರಾಚೂಟಿಗೆ ಹೋಗುತ್ತಿದೆ ಎಂದು ದೊಡ್ಡವರು ಮಾತಾಡಿಕೊಳ್ಳುತ್ತಿದ್ದರು. ಕೈಗೆ ಕೆಲಸವಿಲ್ಲದ ಅಣ್ಣ ನೌಕಾಪಡೆ ಸೇರಿಬಿಟ್ಟ. ಊರ ಕೆರೆ ಬಿಟ್ಟರೆ ಬೇರೆ ನೀರನ್ನೇ ನೋಡದವನು!

ಅವನನ್ನು ಟಾರ್ಪಿಡೊ ದೋಣಿಗೆ ಹಾಕಿದರು. ಟಾರ್ಪಿಡೊ ಎಂದರೆ ನೀರಿನೊಳಗೇ ಓಡಿ ಹೋಗಿ ಹಡಗಿಗೆ ಬಡಿದು ಸಿಡಿಯುವ ಉದ್ದನೆಯ ಗುಂಡು. ಅದನ್ನು ಹೊತ್ತ ದೋಣಿ ಮಾತ್ರ ಚಿಕ್ಕದು, ಮರದ್ದು. ಅದಕ್ಕಿದ್ದ ರಕ್ಷಣೆಯೆಲ್ಲ ವೇಗವೊಂದೇ. ಅಣ್ಣ ಕೆಳಗಿನ ಕೋಣೆಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ದೊಡ್ಡಉಳ್ಳಾರ್ತಿಯ ಕುರಿ ಕಾಯುವ ಮನೆಯ ಹುಡುಗನೊಬ್ಬ ಮೇಲಿನ ಹಲಗೆಯ ಮೇಲೆ ಬಂದೂಕಿನ ಹತ್ತಿರ ಇರುತ್ತಿದ್ದ. ಆ ದೋಣಿಯಲ್ಲಿ ಕನ್ನಡ ಆಡುವವರು ಅವರಿಬ್ಬರೇ.

ಒಂದು ಬೇಸಿಗೆಯಲ್ಲಿ ಅಣ್ಣ ರಜೆಗೆ ಬಂದ. ಎಂಜಿನ್ನಿನ ಸದ್ದಿಗೆ ಅವನ ಕಿವಿ ಮಂದವಾಗಿತ್ತು. ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಹೇಳುತ್ತಿದ್ದ. ದೊಡ್ಡಉಳ್ಳಾರ್ತಿಯ ಗೆಳೆಯನ ಮನೆಗೆ ಹೋಗಬೇಕು ಎನ್ನುತ್ತಲೇ ಮೂರು ದಿನ ಜಗಲಿ ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ ಅವ್ವ ಬುತ್ತಿ ಕಟ್ಟಿ ಅವನ ಮುಂದಿಟ್ಟಳು. "ಆ ತಾಯಿ ದಾರಿ ನೋಡ್ತಿರ್ತಾಳೆ ನಾಯನಾ. ಹೋಗಿ ಹೇಳಿ ಬಾ. ಇವಳನ್ನೂ ಕರ್ಕೊಂಡು ಹೋಗು, ಮಗು ಜತೆಗಿದ್ರೆ ಧೈರ್ಯ ಇರ್ತೈತೆ" ಅಂದಳು.

ಪೆಟ್ರೋಲು ಸಿಗದ ಕಾಲ. ಇದ್ದಿಲ ಹೊಗೆಯಿಂದ ಓಡುವ ಬಸ್ಸಿನಲ್ಲಿ ಕೆಮ್ಮುತ್ತ ಚಳ್ಳಕೆರೆ ತಲುಪಿದೆವು. ಅಲ್ಲಿಂದ ಸ್ವಲ್ಪ ದೂರ ಗಾಡಿ, ಆಮೇಲೆ ನಡಿಗೆ. ಕುರಿ, ದನ ಮೇಯುವ ಕಾವಲಿನ ಒಣ ಹುಲ್ಲು ಮೊಣಕಾಲಿಗೆ ತಾಗಿ ಕೆರೆಯುತ್ತಿತ್ತು. ಅಣ್ಣ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಬೆರಳು ನೋಯುತ್ತಿದ್ದವು. ಬಿಡು ಎನ್ನಲು ನನಗೆ ಭಯ.

ಊರಂಚಿನ ಮನೆಯ ಮುಂದೆ ಹೆಂಗಸೊಬ್ಬಳು ಕೂತು ಕಂಬಳಿಗೆ ಉಣ್ಣೆ ನೂಲುತ್ತಿದ್ದಳು. ಅಣ್ಣನ ಬಿಳಿ ಟೋಪಿ ಕಂಡದ್ದೇ ಎದ್ದು ಓಡಿಬಂದಳು. ಅಣ್ಣನ ಮುಖ ನೋಡಲಿಲ್ಲ. ಅವನ ಬೆನ್ನ ಹಿಂದಿನ ದಾರಿಯನ್ನು ನೋಡಿದಳು.

"ನೀನೊಬ್ನೇ ಬಂದ್ಯಾ? ನನ್ನ ಮಗ ಹಿಂದೆ ಬರ್ತಾವ್ನಾ?"

ಅವಳಿಗೆ ಸರ್ಕಾರದ ಕಾಗದ ಬಂದಿತ್ತು. ಮಗ ಕಾಣೆಯಾಗಿದ್ದಾನೆ ಎಂದು ಅದರಲ್ಲಿತ್ತಂತೆ. ಕಾಣೆಯಾದ ಕುರಿ ಎಷ್ಟೋ ಸಲ ತಾನೇ ಹಟ್ಟಿಗೆ ಬರುತ್ತದೆ. ಹಾಗೆ ಮಗನೂ ಬಂದಾನೆಂದು ಅವಳು ಕಾಯುತ್ತಿದ್ದಳು.

ಅಣ್ಣ ಮೆಲ್ಲಗೆ ಹೇಳಲು ನೋಡಿದ. ಅವನಿಂದಾಗಲಿಲ್ಲ. ಅವನ ದೊಡ್ಡ ದನಿಗೆ ಅಕ್ಕಪಕ್ಕದವರೆಲ್ಲ ಹೊರಗೆ ಬಂದರು. ಬರ್ಮಾದ ಕಡೆ ಒಂದು ಹೊಳೆಯ ಬಾಯಲ್ಲಿ, ಬೆಳಗಿನ ಮಂಜಿನಲ್ಲಿ, ಅವರು ಶತ್ರುವಿನ ಹಡಗಿಗೆ ಟಾರ್ಪಿಡೊ ಬಿಟ್ಟಿದ್ದರು. ದಡದಿಂದ ಗುಂಡು ಸುರಿಯತೊಡಗಿತು. ಪೂರ್ತಿ ವೇಗದಲ್ಲಿ ಓಡಿಸು ಎಂದು ಎಂಜಿನ್ ಕೋಣೆಯ ಗಂಟೆ ಬಾರಿಸಿದರು. ಅಣ್ಣ ಎಂಜಿನ್ ಪೂರ್ತಿ ಬಿಟ್ಟ. ದೋಣಿ ಒಮ್ಮೆಲೇ ತಿರುಗಿ ಹಾರಿತು. ಆ ತಿರುವಿನಲ್ಲಿ ಗೆಳೆಯ ನೀರಿಗೆ ಬಿದ್ದಿದ್ದ.

"ಯಾಕೋ ನಿಲ್ಲಿಸ್ಲಿಲ್ಲ?" ತಾಯಿ ಕೇಳಿದಳು.

"ನಂಗೆ ಗೊತ್ತಿಲ್ಲವ್ವಾ! ಕೆಳಗಿದ್ದೋನಿಗೆ ಏನೂ ಕಾಣಲ್ಲ. ಗಂಟೆ ಹೊಡೀತು, ಓಡಿಸ್ದೆ. ಸಮುದ್ರಕ್ಕೆ ಬಂದ್ಮೇಲೆ ಹೇಳಿದ್ರು. ವಾಪಸ್ ಹೋಗಾಕೆ ಅಪ್ಪಣೆ ಕೊಡ್ಲಿಲ್ಲ. ಓಡಿಸಿದ್ದು ನಾನೇ."

ತಾಯಿ ತಿರುಗಿ ಕುರಿಹಟ್ಟಿಯೊಳಗೆ ಹೋದಳು. ನಾವು ಬಿಸಿಲಲ್ಲಿ ಕೂತೆವು. ಉಣ್ಣೆಯ ಕಮಟು ವಾಸನೆ, ನೊಣಗಳ ಗುಂಯ್‌ಗುಡುವಿಕೆ. ನೆರೆಯ ಗಂಡಸರು ದೂರದಲ್ಲಿ ಗುಂಪಾಗಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಅವರು ಅಣ್ಣನನ್ನು ಹೊಡೆಯುತ್ತಾರೆ ಎಂದೇ ನಾನು ಅಂದುಕೊಂಡೆ. "ಹೋಗೋಣ ಬಾ" ಎಂದು ಅವನ ತೋಳು ಎಳೆದೆ. ಅವನು ಅಲುಗಲಿಲ್ಲ. ನೆರಳು ಅಂಗಳ ದಾಟಿತು.

ಕೊನೆಗೆ ಅವಳು ಹೊರಗೆ ಬಂದು ಅಣ್ಣನೆದುರು ಕುಕ್ಕರುಗಾಲಲ್ಲಿ ಕೂತು ಏನೋ ಕೇಳಿದಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅಣ್ಣನಿಗೆ ಕೇಳಲಿಲ್ಲ. ಅವನು ನನ್ನ ಕಡೆ ನೋಡಿದ. ನಾನು ಅವನ ಕಿವಿಗೆ ಬಾಯಿಟ್ಟು ಕೂಗಿದೆ:

"ನೀರು ತಣ್ಣಗಿತ್ತಾ ಅಂತ ಕೇಳ್ತಾವ್ರೆ!"

ಅಣ್ಣ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಇಲ್ಲವ್ವಾ. ಬೆಚ್ಚಗಿತ್ತು."

ಅವಳು ಆಗ ಅತ್ತಳು. ಅಳು ಮುಗಿಸಿ ಒಳಗೆ ಹೋಗಿ ಮುದ್ದೆ, ಹುರುಳಿ ಸಾರು ತಂದು ಇಬ್ಬರ ಮುಂದೆ ಇಟ್ಟಳು. "ಉಣ್ಣು ತಮ್ಮಾ. ಎಷ್ಟು ದೂರದಿಂದ ನಡ್ಕೊಂಡು ಬಂದೀಯ" ಅಂದಳು. ಅಣ್ಣ ಒಂದೊಂದು ತುತ್ತನ್ನೂ ಕಷ್ಟಪಟ್ಟು ನುಂಗಿದ. ಅವನು ತಟ್ಟೆ ಬರಿದು ಮಾಡುವವರೆಗೂ ಅವಳು ಕದಲಲಿಲ್ಲ.

ಮರಳುವ ದಾರಿಯಲ್ಲಿ ನಾನು ಕೇಳಿದೆ: "ನಿಜವಾಗ್ಲೂ ಬೆಚ್ಚಗಿತ್ತಾ?"

"ನಾನು ಎಂಜಿನ್ ಹತ್ರ ಇದ್ದೆ ಕಣೇ. ನಂಗೇನು ಗೊತ್ತು" ಅಂದ. ಅಷ್ಟೊಂದು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ.

ಮಕ್ಕಳೇ, ಈಗ ಆ ಕಾವಲಿನಲ್ಲಿ ಬೇಲಿ ಬಂದಿದೆ, ಒಳಗೆ ವಿಜ್ಞಾನಿಗಳ ದೊಡ್ಡ ದೊಡ್ಡ ಕಟ್ಟಡಗಳಿವೆ. ಚಳ್ಳಕೆರೆಯಿಂದ ಕಾರಿನಲ್ಲಿ ಹೊರಟರೆ ನಿಮ್ಮ ನಾಲ್ಕು ಹಾಡು ಮುಗಿಯುವುದರೊಳಗೆ ಊರು ಬಂದುಬಿಡುತ್ತದೆ. ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ, ನಿಮ್ಮ ಫೋನು ಟಿಂಗ್ ಎಂದು ಹೇಳಿ ಸುಮ್ಮನಾಗುತ್ತದೆ. ಆಗ ಹಾಗಿರಲಿಲ್ಲ. ಸುದ್ದಿಯನ್ನು ಯಾರಾದರೂ ಹೊತ್ತು ನಡೆಯಬೇಕಿತ್ತು, ಮುಖ ನೋಡಿ ಹೇಳಬೇಕಿತ್ತು. ಹೇಳಿದ ಮೇಲೆ ಎದ್ದು ಹೋಗುವಂತೆಯೂ ಇರಲಿಲ್ಲ. ಆ ಮನೆಯಲ್ಲೇ ಕೂತು ಉಣ್ಣಬೇಕಿತ್ತು.