ಸೀಸೆಯಲ್ಲಿ ಬೆಳೆದದ್ದು

ಹೆರಿಗೆಗೆಂದು ಗುಂಡ್ಲುಪೇಟೆಯ ತವರಿಗೆ ಬಂದಿದ್ದ ನನಗೆ, ಮಗಳು ಹುಟ್ಟಿದ ಮೇಲೆ ಚಳಿಜ್ವರ ಹಿಡಿಯಿತು. ಅಪ್ಪ ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದರು. ಜೊತೆಗೆ ಅಜ್ಜಿ ನಿಂತಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ.

ಬಾಣಂತಿಯ ಜ್ವರ ರಕ್ತಕ್ಕೇರಿದೆಯೇನೋ ಎಂದು ಡಾಕ್ಟರಿಗೆ ಅನುಮಾನ. ರಕ್ತ ತೆಗೆದು, ತಿಳಿಸಾರಿನಂಥ ನೀರಿದ್ದ ಸೀಸೆಗೆ ಹಾಕಿ ಮೈಸೂರಿಗೆ ಕಳಿಸಬೇಕು. ರೋಗಾಣು ಇದ್ದರೆ ಅದರಲ್ಲಿ ಬೆಳೆಯುತ್ತದಂತೆ. ಕಾಂಪೌಂಡರ್ ನನ್ನ ತೋಳಿಗೆ ಸ್ಪಿರಿಟ್ ಒರೆಸಿ ಸಿರಿಂಜ್ ತರಲು ತಿರುಗಿದ. ಅಜ್ಜಿ ಸೊಂಟದ ಚೀಲದಿಂದ ವಿಭೂತಿ ತೆಗೆದು, ಒರೆಸಿದ ಜಾಗಕ್ಕೇ ಮೂರು ಬೆರಳು ಎಳೆದು "ಶಿವ ಶಿವ" ಅಂದಳು. ನಮ್ಮ ಮನೆಯಲ್ಲಿ ಕುಡುಗೋಲು ತಗಲಿದ ಬೆರಳಿಗೂ ಮೊದಲು ವಿಭೂತಿಯೇ. ಕಾಂಪೌಂಡರ್ ನೋಡಿಯೂ ಸುಮ್ಮನೆ ಚುಚ್ಚಿದ. ದೇವರ ವಿಷಯದಲ್ಲಿ ಯಾರು ಬಾಯಿ ಹಾಕುತ್ತಾರೆ?

ಮೈಸೂರಿನಿಂದ ಉತ್ತರ ಬರುವಷ್ಟರಲ್ಲಿ ಜ್ವರ ತಾನಾಗಿ ಬಿಟ್ಟಿತ್ತು. ಆದರೆ ಸೀಸೆಯಲ್ಲಿ ರೋಗಾಣು ಬೆಳೆದಿತ್ತು. ನನ್ನನ್ನು ನೋಡಲು ಗಂಡನ ಊರು ಚಂದಕವಾಡಿಯಿಂದ ಬಂದಿದ್ದ ಅತ್ತೆಯ ಕಿವಿಗೆ ಕಾಂಪೌಂಡರ್ ಅದನ್ನು ಹಾಕಿದ. ಅತ್ತೆ ನೇರ ಬಂದು ಮಗುವನ್ನು ನನ್ನ ಮೊಲೆಯಿಂದ ಬಿಡಿಸಿದರು.

"ರಕ್ತದಲ್ಲಿ ಉಳ ಬಿದ್ದೋಳ ಆಲು ನಮ್ ಕೂಸ್ಗೆ ಬ್ಯಾಡ."

ವಾರ್ಡಿಗೆಲ್ಲ ಕೇಳಿಸಿತು. ಪಕ್ಕದ ಮಂಚದವಳು ಆಚೆ ಮಗ್ಗುಲಿಗೆ ತಿರುಗಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನಾನು ಮಾಡಿದ ಪಾಪ ಯಾವುದೆಂದು ಹುಡುಕತೊಡಗಿದೆ. ಕೂಸು ಒಳಲೆಯಲ್ಲಿ ಹಸುವಿನ ಹಾಲು ಕುಡಿದು ಕಾರಿಕೊಳ್ಳುತ್ತಿತ್ತು. ನಾನು ಆಸ್ಪತ್ರೆಯ ಹಿತ್ತಿಲ ದಾಸವಾಳದ ಬುಡಕ್ಕೆ ಎದೆಹಾಲು ಹಿಂಡುತ್ತಿದ್ದೆ. ಅಷ್ಟು ನಾಚಿಕೆ ನನಗೆ ಆ ಮೇಲೆ ಯಾವತ್ತೂ ಆಗಿಲ್ಲ. ದಿನೇ ದಿನೇ ಬಡವಾಗುತ್ತಿದ್ದ ಕೂಸನ್ನು ಕೊಡಿ ಎಂದು ಕೇಳಲೂ ನನಗೆ ಬಾಯಿ ಬರಲಿಲ್ಲ.

ಡಾಕ್ಟರ್ ಮಾತ್ರ ನನ್ನ ಊಟದ ತಟ್ಟೆ ನೋಡುತ್ತ ನಿಂತರು.

"ರಕ್ತದಲ್ಲಿ ನಿಜವಾಗಿ ರೋಗಾಣು ಇದ್ದಿದ್ದರೆ ಈಕೆ ಹೀಗೆ ಕೂತು ಅನ್ನ ಉಣ್ತಿರಲಿಲ್ಲ. ಬೆಳೆದಿರೋದು ದೂಳು, ಮಣ್ಣಿನಲ್ಲಿರೋ ಜಾತಿ. ಹೊರಗಿಂದ ಸೇರಿರಬೇಕು. ಎರಡೂ ತೋಳಿಂದ ಬೇರೆ ಬೇರೆ ಸೀಸೆಗೆ ತೆಗೆಯೋಣ."

ಈ ಸಲ ಅವರೇ ಒರೆಸಿದರು. ಸಿರಿಂಜಿಗೆ ಕೈ ಚಾಚುವಷ್ಟರಲ್ಲಿ ಅಜ್ಜಿಯ ಮೂರು ಬೆರಳು ಬಂದವು. ಡಾಕ್ಟರ್ ಗಬಕ್ಕನೆ ಕೈ ಹಿಡಿದರು.

"ಹೋದ ಸಲಾನೂ ಹಚ್ಚಿದ್ರಾ ಅಜ್ಜಿ?"

"ಊ ಕಣಪ್ಪ. ಬರಿ ಮೈಗೆ ಸೂಜಿ ಚುಚ್ಚುಸ್ಬೌದಾ?"

ಡಾಕ್ಟರ್ ನಕ್ಕು ನಕ್ಕು ಕುರ್ಚಿಯಲ್ಲಿ ಕೂತರು. ಮತ್ತೆ ಒರೆಸಿ ತೆಗೆದ ರಕ್ತದಲ್ಲಿ, ಎರಡು ಸೀಸೆಯಲ್ಲೂ, ಏನೂ ಬೆಳೆಯಲಿಲ್ಲ.

ಅತ್ತೆ ಕೂಸನ್ನು ನನ್ನ ಮಡಿಲಿಗೆ ಹಾಕಿದರು. ಕಿತ್ತುಕೊಂಡವರು ತಾವೇ ಎಂಬುದು ಅವರಿಗೆ ಮರೆತೇ ಹೋಗಿತ್ತು. ಅಜ್ಜಿಯ ಕಡೆ ತಿರುಗಿ, "ಕೂಸಿನ ಆಲು ಕೆಡಿಸಿದ್ದು ನಿಮ್ ಕೈ ಕಣಮ್ಮ" ಅಂದರು. ಅಜ್ಜಿ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ನನ್ನ ನಾಚಿಕೆ ಅವತ್ತು ಕಳೆಯಲಿಲ್ಲ, ಅವಳಿಗೆ ದಾಟಿತು ಅಷ್ಟೆ.

ಗುಂಡ್ಲುಪೇಟೆಗೆ ಮರಳಿದ ಬೆಳಿಗ್ಗೆ, ಸ್ನಾನ ಮುಗಿಸಿ ಎಂದಿನಂತೆ ಹಣೆ ಒಡ್ಡಿದೆ. ಅಜ್ಜಿ ಹಚ್ಚಲಿಲ್ಲ. ಚೀಲದ ಬಾಯಿ ಬಿಚ್ಚಿ ನನ್ನ ಮುಂದೆ ಹಿಡಿದಳು.

"ನೀನೇ ಇಕ್ಕೊ ಕಣಮ್ಮಿ. ಕೂಸ್ಗೂ ನೀನೇ ಇಕ್ಕು."

ಅವಳ ಕೈ ಹಿಡಿದು ಕೂಸಿನ ಹಣೆಯತ್ತ ಎಳೆದೆ. ಸೀಗೆಪುಡಿಯಲ್ಲಿ ತಿಕ್ಕಿ ತಿಕ್ಕಿ ತೊಳೆದು ಬೆರಳುಗಳು ಬಿರಿದಿದ್ದವು. ಅಜ್ಜಿ ಮುಷ್ಟಿ ಕಟ್ಟಿದಳು, ಬಿಚ್ಚಲೇ ಇಲ್ಲ.